ಒಂದು ಕಂತಿಗೆ 465 ಕೋಟಿ: ಈ ಮಳೆಗಾಲದಲ್ಲಿ ನಾನು ನೋಡಿದ ದೊಡ್ಡ ಸರಣಿಗಳು

ಆಷಾಢದ ಮಳೆ ಹಿಡಿದರೆ ನಮ್ಮ ಸಾಗರದಲ್ಲಿ ಮರ ಒಣಗುವುದಿಲ್ಲ. ಪಾಲಿಶ್ ಮಂಕಾಗುತ್ತದೆ, ಅಂಟು ಕಚ್ಚುವುದಿಲ್ಲ, ಬಾಗಿಲುಗಳು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮರಗೆಲಸದವನಿಗೆ ಅದು ಕೈಕಟ್ಟಿ ಕೂರುವ ಕಾಲ. ಈ ಸಲ ಅದೇ ಹೊತ್ತಿಗೆ ಮಗಳು ಬೆಂಗಳೂರಿನಿಂದ ಬಂದಳು. ಕಚೇರಿ ಕೆಲಸವನ್ನು ಇಲ್ಲಿಂದಲೇ ಮಾಡುತ್ತ ಹದಿನೇಳು ದಿನ ನಮ್ಮೊಂದಿಗಿದ್ದಳು. ಬರುವುದಕ್ಕೆ ವಾರ ಮೊದಲೇ 55 ಇಂಚಿನ ಟಿವಿಯೊಂದನ್ನು ಕಳುಹಿಸಿದ್ದಳು. ಅದಕ್ಕೊಂದು ತೇಗದ ಪೀಠವನ್ನು ನಾನೇ ಮಾಡಿ ಇಟ್ಟಿದ್ದೆ.

1991ರಿಂದ ನಾನು ಊರಿನ ಹವ್ಯಾಸಿ ನಾಟಕ ತಂಡವೊಂದಕ್ಕೆ ರಂಗಸಜ್ಜಿಕೆ ಮತ್ತು ಬೆಳಕಿನ ಕೆಲಸ ಮಾಡುತ್ತ ಬಂದಿದ್ದೇನೆ. ಹೊಟ್ಟೆಪಾಡು ಅಂಗಡಿಯದು, ಪ್ರೀತಿ ನೇಪಥ್ಯದ್ದು. ಹಾಗಾಗಿ ಸಿನಿಮಾ ನೋಡಿದರೂ ಟಿವಿ ನೋಡಿದರೂ ನಟರ ಮುಖಕ್ಕಿಂತ ಮೊದಲು ಅವರ ಹಿಂದಿನ ಗೋಡೆ ನನ್ನ ಕಣ್ಣಿಗೆ ಬೀಳುತ್ತದೆ. ಮಗಳಿಗೆ ಇದು ಗೊತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಹಣ ಸುರಿದು ಮಾಡಿದ ಸರಣಿಗಳನ್ನು ಒಟ್ಟಿಗೆ ಕೂತು ನೋಡೋಣ, ಆ ಹಣ ಎಲ್ಲಿ ಹೋಗಿದೆ ಎಂದು ನೀವು ಹೇಳಬೇಕು ಎಂದಳು. ಪ್ರತಿ ರಾತ್ರಿ ಊಟವಾದ ಮೇಲೆ ಎರಡೂವರೆ, ಮೂರು ಗಂಟೆ ನೋಡಿದೆವು. ಅಳತೆ ಬರೆಯುವ ನನ್ನ ಪುಸ್ತಕದಲ್ಲೇ ಟಿಪ್ಪಣಿ ಮಾಡಿಕೊಂಡೆ.

ಮೊದಲು ಹಾಕಿದ್ದು ಪ್ರೈಮ್ ವಿಡಿಯೊದಲ್ಲಿರುವ ‘ದ ಲಾರ್ಡ್ ಆಫ್ ದ ರಿಂಗ್ಸ್: ದ ರಿಂಗ್ಸ್ ಆಫ್ ಪವರ್’. ಲೆಕ್ಕದಿಂದಲೇ ಶುರು ಮಾಡುತ್ತೇನೆ. ಇದರ ಮೂಲ ಕಾದಂಬರಿಕಾರ ಟೋಲ್ಕೀನ್ ಅವರ ಕೃತಿಯ ಟಿವಿ ಹಕ್ಕನ್ನು ಅಮೆಜಾನ್ 2017ರಲ್ಲಿ ಪಡೆದಾಗ ಕೊಟ್ಟದ್ದು ಸುಮಾರು 25 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಆಗಿನ್ನೂ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಮೊದಲ ಸೀಸನ್ನಿನ ಚಿತ್ರೀಕರಣ ನಡೆದದ್ದು ನ್ಯೂಜಿಲೆಂಡ್‌ನಲ್ಲಿ. ಅದರ ವೆಚ್ಚ ಸುಮಾರು 65 ಕೋಟಿ ನ್ಯೂಜಿಲೆಂಡ್ ಡಾಲರ್, ಅಂದರೆ 46.5 ಕೋಟಿ ಅಮೆರಿಕನ್ ಡಾಲರ್ ಎಂದು ಅಲ್ಲಿನ ಸಚಿವರೇ 2021ರಲ್ಲಿ ಹೇಳಿದ್ದರು. ಡಾಲರಿಗೆ 80 ರೂಪಾಯಿ ಹಿಡಿದರೆ 3,720 ಕೋಟಿ ರೂಪಾಯಿ. ಕಂತುಗಳು ಎಂಟು. ಒಂದು ಕಂತಿಗೆ 465 ಕೋಟಿ. ಪುಸ್ತಕದಲ್ಲಿ ಈ ಭಾಗಾಕಾರವನ್ನು ಎರಡು ಸಲ ಮಾಡಿ ನೋಡಿದೆ.

ಮೊದಲ ರಾತ್ರಿ ನಾನು ಮಾತಾಡಲಿಲ್ಲ. ಖಜಾದ್-ದೂಮ್ ಎಂಬ ಕುಬ್ಜರ ನೆಲದಡಿಯ ನಗರ ತೆರೆದುಕೊಂಡಾಗ ಕಲ್ಲಿನೊಳಗೆ ಬೆಳಕು ಬೀಳುವ ರೀತಿಯನ್ನು ನೋಡಿ ಎದ್ದು ನಿಂತೆ. ನೂಮೆನೋರ್ ಎಂಬ ದ್ವೀಪರಾಜ್ಯದ ಬಂದರು, ಅದರ ಬೀದಿಗಳು, ಕಮಾನುಗಳು, ಅಂಗಡಿ ಮುಂಗಟ್ಟುಗಳು ಬಹುಪಾಲು ನಿಜವಾಗಿ ಕಟ್ಟಿದವು, ಕಂಪ್ಯೂಟರಿನಲ್ಲಿ ಬರೆದವಲ್ಲ. ಗಾರೆ ಎಲ್ಲಿ ಸವೆಯಬೇಕೋ ಅಲ್ಲೇ ಸವೆದಿದೆ, ಮೆಟ್ಟಿಲಿನ ನಡುಭಾಗ ಕಾಲು ತಾಗಿ ತಗ್ಗಾಗಿದೆ. ಅದನ್ನು ಮಾಡಿದ ಬಡಗಿಗಳು, ಬಣ್ಣದವರು, ಶಿಲ್ಪಿಗಳು ಯಾರೋ ಏನೋ, ಅವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅವರೆಲ್ಲರಿಗೂ ಸರಿಯಾದ ಕೂಲಿ ಸಿಕ್ಕಿದ್ದರೆ ಅಷ್ಟರಮಟ್ಟಿಗೆ ಆ ಹಣ ಸಾರ್ಥಕ.

ಮೂರನೆಯ ರಾತ್ರಿಗೆ ನನಗೆ ಬೇಸರ ಶುರುವಾಯಿತು. ಯಾಕೆಂದು ತಕ್ಷಣ ಹೊಳೆಯಲಿಲ್ಲ. ಗಲಾಡ್ರಿಯೆಲ್ ಎಂಬ ಯೋಧೆ ನಡುಗಡಲಿನಲ್ಲಿ ಹಡಗಿನಿಂದ ಹಾರುತ್ತಾಳೆ. ಅವಳು ಈಜಿ ದಾಟಬೇಕಾದ ದೂರ ಎಷ್ಟು ಎಂದು ಯಾರೂ ಯೋಚಿಸಿದಂತಿಲ್ಲ. ಒಂದು ತೆಪ್ಪ ತೇಲಿ ಬರುತ್ತದೆ, ಅದರ ಮೇಲೆ ಕಥೆಗೆ ಬೇಕಾದ ಮನುಷ್ಯನೇ ಇರುತ್ತಾನೆ. ನೂಮೆನೋರಿನ ದಂಡು ಮೂರು ಹಡಗುಗಳಲ್ಲಿ ಹೊರಟು, ಹಿಂದೆಂದೂ ಕಾಣದ ಹಳ್ಳಿಯೊಂದಕ್ಕೆ ಕುದುರೆ ಓಡಿಸುತ್ತ ಸರಿಯಾದ ಗಳಿಗೆಗೇ ಬಂದು ಇಳಿಯುತ್ತದೆ. ಆರನೆಯ ಕಂತಿನಲ್ಲಿ ಅಣೆಕಟ್ಟೆಯ ನೀರು ಸುರಂಗಗಳಲ್ಲಿ ನುಗ್ಗಿ ಬೆಟ್ಟದ ಬೆಂಕಿಗೆ ಬಿದ್ದು ಜ್ವಾಲಾಮುಖಿ ಸಿಡಿಯುವ ದೃಶ್ಯವನ್ನು ಬಹಳ ಚೆನ್ನಾಗಿ ಮಾಡಿದ್ದಾರೆ. ಆ ಸುಡುಬೂದಿಯ ಮೋಡ ಗಲಾಡ್ರಿಯೆಲ್‌ಳ ಮುಖಕ್ಕೆ ನೇರವಾಗಿ ಬಡಿಯುತ್ತದೆ. ಏಳನೆಯ ಕಂತಿನ ಮೊದಲಲ್ಲಿ ಅವಳು ಬೂದಿ ಮೆತ್ತಿಕೊಂಡು ಎದ್ದು ಕೂರುತ್ತಾಳೆ. ಅಷ್ಟು ದೊಡ್ಡ ಬೆಂಕಿ ಕಥೆಯ ಮುಖ್ಯರಿಗೆ ತಾಗದೇ ಹೋದರೆ ಅದು ಬೆಂಕಿ ಹೇಗಾಗುತ್ತದೆ? ನಮ್ಮ ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ‘ರಥ’ ಎಂದು ಕರೆಯುವ ಒಂದೇ ಮರದ ಪೀಠ ಸಿಂಹಾಸನವಾಗುತ್ತದೆ, ಬಂಡೆಯಾಗುತ್ತದೆ, ತೇರೂ ಆಗುತ್ತದೆ. ಅದನ್ನು ಜನ ನಂಬುತ್ತಾರೆ. ಏಕೆಂದರೆ ಅದರ ಮೇಲೆ ಕೂತವನ ಮಾತಿಗೆ, ಅವನ ಸಿಟ್ಟಿಗೆ, ಅವನ ಸಾವಿಗೆ ಬೆಲೆ ಇರುತ್ತದೆ.

ಈ ಸರಣಿಯ ಬುಡದಲ್ಲಿರುವ ತೊಡಕನ್ನು ಮಗಳು ಬಿಡಿಸಿ ಹೇಳಿದಳು. ಆ ಪುಸ್ತಕಗಳನ್ನು ಅವಳು ಹೈಸ್ಕೂಲಿನಲ್ಲೇ ಓದಿದವಳು. ಅಮೆಜಾನ್‌ಗೆ ಸಿಕ್ಕ ಹಕ್ಕು ‘ದ ಲಾರ್ಡ್ ಆಫ್ ದ ರಿಂಗ್ಸ್’ ಮತ್ತು ‘ದ ಹಾಬಿಟ್’ ಪುಸ್ತಕಗಳದ್ದು. ಹಳೆಯ ಯುಗಗಳ ಕಥೆಯನ್ನು ವಿಸ್ತಾರವಾಗಿ ಹೇಳುವ ‘ದ ಸಿಲ್ಮರಿಲಿಯನ್’ ಅದರಲ್ಲಿ ಸೇರಿಲ್ಲ. ಆದರೆ ಅವರು ಹೇಳಹೊರಟದ್ದು ಆ ಹಳೆಯ ಯುಗದ ಕಥೆಯನ್ನೇ. ಹಾಗಾಗಿ ಪುಸ್ತಕದ ಕೊನೆಯ ಅನುಬಂಧಗಳಲ್ಲಿರುವ ತೇದಿಪಟ್ಟಿ, ವಂಶಾವಳಿ, ಅಲ್ಲಲ್ಲಿ ಒಂದೆರಡು ಸಾಲು, ಇಷ್ಟರಿಂದ ಕಥೆ ಹೆಣೆಯಬೇಕಾಯಿತು. ಸಾವಿರಾರು ವರ್ಷಗಳಲ್ಲಿ ನಡೆದದ್ದನ್ನು ಒಂದೇ ಪೀಳಿಗೆಯ ಜನರ ಕಣ್ಣೆದುರು ನಡೆದಂತೆ ಒತ್ತಬೇಕಾಯಿತು. ಈ ಭಾರವನ್ನು ಹೊತ್ತ ಜೆ.ಡಿ. ಪೇನ್ ಮತ್ತು ಪ್ಯಾಟ್ರಿಕ್ ಮೆಕೇ ಅದಕ್ಕೆ ಮೊದಲು ಒಂದು ಸರಣಿಯನ್ನೂ ನಡೆಸಿದವರಲ್ಲ. ಅವರನ್ನು ನಾನು ಹಳಿಯುವುದಿಲ್ಲ. ಅಡಿಪಾಯದ ಕಲ್ಲು ಕಡಿಮೆ ಇದ್ದಲ್ಲಿ ಮೇಲೆ ಗೋಪುರಗಳನ್ನು ಹೆಚ್ಚಿಸಿದರೆ ಏನಾಗುತ್ತದೆ ಎಂದು ಕಟ್ಟುವ ಯಾರಿಗಾದರೂ ಗೊತ್ತು.

ಮೊದಲ ಸೀಸನ್ನಿನಲ್ಲಿ ನನ್ನ ಮನಸ್ಸು ತಾಗಿದ ಜಾಗ ಒಂದೇ. ಎರಡನೆಯ ಕಂತಿನಲ್ಲಿ ಎಲ್ರಂಡ್ ತನ್ನ ಹಳೆಯ ಗೆಳೆಯ, ಕುಬ್ಜರ ರಾಜಕುಮಾರ ಡುರಿನ್‌ನನ್ನು ಕಾಣಲು ಹೋಗುತ್ತಾನೆ. ಡುರಿನ್ ಮುಖ ಕೊಡುವುದಿಲ್ಲ. ಕಾರಣ ರಾಜಕೀಯವಲ್ಲ: ಗೆಳೆಯ ತನ್ನ ಮದುವೆಗೆ ಬರಲಿಲ್ಲ, ಮಕ್ಕಳು ಹುಟ್ಟಿದಾಗ ಬರಲಿಲ್ಲ, ಇಪ್ಪತ್ತು ವರ್ಷ ಬರಲೇ ಇಲ್ಲ. ಸಾವಿಲ್ಲದ ಎಲ್ರಂಡ್‌ಗೆ ಇಪ್ಪತ್ತು ವರ್ಷ ಕಣ್ಣು ಮಿಟುಕಿಸಿದಷ್ಟು, ಡುರಿನ್‌ಗೆ ಅದು ಒಂದು ಬಾಳು. ಇಬ್ಬರು ನಟರು, ಒಂದು ಮನೆ, ಒಂದು ಊಟದ ಮೇಜು. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಕೈಯಲ್ಲಿ ಸೌಟು ಹಿಡಿದೇ ನಿಂತು ನೋಡಿದಳು. ಆ ದೃಶ್ಯಕ್ಕೆ ಎಷ್ಟು ಖರ್ಚಾಗಿರಬಹುದು ಎಂದು ಮಗಳು ನನ್ನನ್ನು ಕೇಳಿದಳು. ಆ ಕಲ್ಲಿನ ಮನೆಯನ್ನು ನಾನು ಪ್ಲೈವುಡ್ ಮತ್ತು ಗೋಣಿತಾಟಿನಲ್ಲಿ ನಲವತ್ತು ಸಾವಿರ ರೂಪಾಯಿಗೆ ಕಟ್ಟಿಕೊಡುತ್ತೇನೆ ಎಂದೆ. ಆ ಇಪ್ಪತ್ತು ವರ್ಷದ ಮಾತನ್ನು ಬರೆಯುವವನು ಬೇಕು.

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ತಂಡ ಒಂದು ಐತಿಹಾಸಿಕ ನಾಟಕವನ್ನು ಎರಡು ಸಲ ಆಡಿದೆ. ಮೊದಲ ಸಲ ಕೈಯಲ್ಲಿದ್ದುದು ಹದಿನೆಂಟು ಸಾವಿರ ರೂಪಾಯಿ. ಕೋಟೆ ಬೇಕಿತ್ತು, ಹಣ ಇರಲಿಲ್ಲ. ನಾಲ್ಕು ದಿನ ತಲೆ ಕೆಡಿಸಿಕೊಂಡು ಕೊನೆಗೆ ಮೇಲಿನಿಂದ ಇಳಿಬಿಟ್ಟ ಏಳು ದಪ್ಪ ಹಗ್ಗಗಳನ್ನು ಕೋಟೆ ಮಾಡಿದೆವು. ಪಕ್ಕದಿಂದ ಒಂದು ಸ್ಪಾಟ್ ಬಿಟ್ಟರೆ ಅವು ಕಂಬಗಳಾಗುತ್ತಿದ್ದವು, ಹಿಂದಿನಿಂದ ಬಿಟ್ಟರೆ ಸೆರೆಮನೆಯ ಸರಳುಗಳು. ಕೆಲವು ವರ್ಷಗಳ ನಂತರ ಒಬ್ಬ ಹಿತೈಷಿಗಳು ಎರಡು ಲಕ್ಷ ಕೊಟ್ಟರು. ನಾನು ಹನ್ನೊಂದು ಅಡಿ ಎತ್ತರದ ಕೋಟೆ ಕಟ್ಟಿದೆ, ಗಾಲಿಯ ಮೇಲೆ ತಿರುಗುವ ಮೆಟ್ಟಿಲು ಮಾಡಿದೆ. ಮೆಟ್ಟಿಲು ಇದೆ ಎಂದು ನಿರ್ದೇಶಕರು ಪ್ರತಿ ದೃಶ್ಯದಲ್ಲೂ ಯಾರನ್ನಾದರೂ ಹತ್ತಿಸಿದರು, ಇಳಿಸಿದರು. ತಾಲೀಮಿನ ಹದಿನೈದು ದಿನಗಳಲ್ಲಿ ಆರು ದಿನ ಮೆಟ್ಟಿಲು ತಿರುಗಿಸುವುದನ್ನು ಕಲಿಯಲಿಕ್ಕೇ ಹೋದವು. ರಾಜ ತನ್ನ ಮಗನ ಸಾವಿನ ಸುದ್ದಿ ಕೇಳುವ ದೃಶ್ಯದಲ್ಲಿ, ಮೊದಲ ಸಲ ಸಭಾಂಗಣ ಉಸಿರು ಬಿಗಿಹಿಡಿದ ಜಾಗದಲ್ಲಿ, ಈ ಸಲ ಜನ ಮೆಟ್ಟಿಲನ್ನು ನೋಡುತ್ತಿದ್ದರು. ಅದನ್ನು ಮಾಡಿದವನು ನಾನು. ಕೆಲಸದಲ್ಲಿ ಒಂದು ಮಿಲಿಮೀಟರ್ ತಪ್ಪಿರಲಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದುಬಾರಿಯಾಗಿ ಕಟ್ಟಿದ್ದನ್ನು ತೋರಿಸಲೇಬೇಕಾಗುತ್ತದೆ. ನೂಮೆನೋರಿನ ಬಂದರಿನಲ್ಲಿ ಕ್ಯಾಮೆರಾ ಮತ್ತೆ ಮತ್ತೆ ಅಡ್ಡಾಡುವುದನ್ನು ನೋಡಿದಾಗ ನನ್ನ ಮೆಟ್ಟಿಲೇ ಕಣ್ಣಿಗೆ ಬಂತು. ಇತ್ತ, ಸರಣಿಗೆ ಹೆಸರು ಕೊಟ್ಟ ಉಂಗುರಗಳನ್ನು ಎಂಟನೆಯ ಕಂತಿನ ಕೊನೆಯಲ್ಲಿ ಅವಸರದಲ್ಲಿ ಎರಕ ಹೊಯ್ದು ಮುಗಿಸುತ್ತಾರೆ. ನನ್ನಂಥ ಕೈಕೆಲಸದವನಿಗೆ ಅದಕ್ಕಿಂತ ದೊಡ್ಡ ನಿರಾಸೆ ಇಲ್ಲ. ಜಗತ್ತಿನ ಹಣೆಬರಹ ಬದಲಿಸುವ ವಸ್ತುವನ್ನು ಒಬ್ಬ ಕುಶಲಕರ್ಮಿ ಹೇಗೆ ಮಾಡಿದ, ಎಷ್ಟು ಸಲ ಸೋತ, ಎಲ್ಲಿ ಕೈ ನಡುಗಿತು ಎಂಬುದನ್ನು ಒಂದು ಇಡೀ ಕಂತು ತೋರಿಸಿದ್ದರೂ ನಾನು ಅಲುಗಾಡದೆ ನೋಡುತ್ತಿದ್ದೆ. ಅದಕ್ಕೆ ಬೇಕಾದ್ದು ಕುಲುಮೆ, ಇಬ್ಬರು ನಟರು, ಸಮಯ. ಅಮೆರಿಕದಲ್ಲಿ ಈ ಸೀಸನ್ ನೋಡಲು ತೊಡಗಿದವರಲ್ಲಿ ಪೂರ್ತಿ ನೋಡಿ ಮುಗಿಸಿದವರು ಶೇಕಡ 37 ಎಂದು ಹಾಲಿವುಡ್ ರಿಪೋರ್ಟರ್ ಪತ್ರಿಕೆ 2023ರಲ್ಲಿ ಬರೆದಿತ್ತು; ಹೊರದೇಶಗಳಲ್ಲಿ ಶೇಕಡ 45. ಅದನ್ನು ಮಗಳು ಓದಿ ಹೇಳಿದಾಗ ನನಗೆ ಅಚ್ಚರಿಯಾಗಲಿಲ್ಲ, ಆ ಬಡಗಿಗಳ ನೆನಪಾಗಿ ಬೇಸರವಾಯಿತು.

ನಂತರ ಜಿಯೊಹಾಟ್‌ಸ್ಟಾರ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’. ಇದನ್ನು ಪೂರ್ತಿ ನೋಡುವಷ್ಟು ದಿನ ಇರಲಿಲ್ಲ. ಮಗಳು ಮೊದಲ ಸೀಸನ್ ಮತ್ತು ಕೊನೆಯ ಸೀಸನ್ನುಗಳಿಂದ ಆಯ್ದು ತೋರಿಸಿದಳು, ನಡುವಿನ ಕಥೆಯನ್ನು ಬಾಯಲ್ಲಿ ಹೇಳಿದಳು. ಇದರ ಕೆಲವು ದೃಶ್ಯಗಳು ಮಕ್ಕಳೊಂದಿಗೆ ಕೂತು ನೋಡುವಂಥವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. 2011ರಲ್ಲಿ ಇದು ಶುರುವಾದಾಗ ಒಂದು ಕಂತಿನ ಖರ್ಚು ಸುಮಾರು 60 ಲಕ್ಷ ಡಾಲರ್. ಆ ಕಾಲಕ್ಕೆ ಟಿವಿಗೆ ಅದು ದೊಡ್ಡ ಮೊತ್ತವೇ, ಆದರೆ ಹೇಳಹೊರಟ ಕಥೆಗೆ ಸಾಲದು. ಮೊದಲ ಸೀಸನ್ನಿನಲ್ಲಿ ಒಂದು ಮಹಾಯುದ್ಧ ಬರುತ್ತದೆ. ಮೂಲ ಕಾದಂಬರಿಯಲ್ಲಿ ಕುಳ್ಳ ಟಿರಿಯನ್ ಅದರಲ್ಲಿ ಕಾದುತ್ತಾನೆ. ಸರಣಿಯಲ್ಲಿ ಯುದ್ಧಕ್ಕೆ ನುಗ್ಗುವ ತನ್ನವರದೇ ಆಯುಧ ತಲೆಗೆ ತಾಗಿ ಅವನು ಕೆಳಗೆ ಬೀಳುತ್ತಾನೆ, ತೆರೆ ಕಪ್ಪಾಗುತ್ತದೆ, ಎಚ್ಚರವಾಗುವಷ್ಟರಲ್ಲಿ ಯುದ್ಧ ಮುಗಿದಿದೆ. ಹಣವಿಲ್ಲದ ಕಾರಣಕ್ಕೆ ಹೀಗೆ ಮಾಡಿದರು. ಆದರೆ ಆ ಮನುಷ್ಯನ ಸ್ವಭಾವಕ್ಕೆ, ಅವನ ಅದೃಷ್ಟಕ್ಕೆ ಅದು ಎಷ್ಟು ಸರಿಹೊಂದುತ್ತದೆ ಎಂದರೆ, ಹಣವಿದ್ದಿದ್ದರೆ ಈ ಯೋಚನೆ ಅವರಿಗೆ ಹೊಳೆಯುತ್ತಲೇ ಇರಲಿಲ್ಲ.

ಇದಕ್ಕಿಂತ ಮಿಗಿಲಾದುದು ಐದನೆಯ ಕಂತಿನಲ್ಲಿದೆ. ಆ ಸೀಸನ್ನಿನ ಕಂತುಗಳು ಉದ್ದದಲ್ಲಿ ಕಡಿಮೆ ಬಿದ್ದವಂತೆ. ತುಂಬಿಸಬೇಕು, ಕೈಯಲ್ಲಿ ಕಾಸಿಲ್ಲ. ಹಾಗಾಗಿ ಒಂದು ಕೋಣೆಯಲ್ಲಿ ಇಬ್ಬರು ಕೂತು ಮಾತಾಡುವ ದೃಶ್ಯಗಳನ್ನು ಬರೆದು ಸೇರಿಸಿದರು. ಅವುಗಳಲ್ಲೊಂದು ರಾಜ ರಾಬರ್ಟ್ ಮತ್ತು ರಾಣಿ ಸರ್ಸಿಯದು. ಕಾದಂಬರಿಯಲ್ಲಿ ಅದು ಇಲ್ಲ. ಹದಿನೇಳು ವರ್ಷ ಒಬ್ಬರನ್ನೊಬ್ಬರು ದ್ವೇಷಿಸಿಕೊಂಡೇ ಬಾಳಿದ ಗಂಡ ಹೆಂಡತಿ ಮೊದಲ ಬಾರಿಗೆ ನಿಜ ಹೇಳಿಕೊಳ್ಳುತ್ತಾರೆ. ಅವನು ಒಂದು ಕೈಯ ಐದು ಬೆರಳು ಬಿಡಿಸಿ, ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿ, ಯಾವುದು ದೊಡ್ಡದು ಎಂದು ರಾಜ್ಯನೀತಿ ವಿವರಿಸುತ್ತಾನೆ. ಮಾತು ಮೆಲ್ಲಗೆ ತಮ್ಮಿಬ್ಬರ ಮದುವೆಯ ಕಡೆಗೆ ತಿರುಗುತ್ತದೆ. ನಮ್ಮಿಬ್ಬರ ನಡುವೆ ಎಂದಾದರೂ ಏನಾದರೂ ಸಾಧ್ಯವಿತ್ತೇ ಎಂದು ಅವಳು ಕೇಳಿದಾಗ ಅವನು ಇಲ್ಲ ಎನ್ನುತ್ತಾನೆ. ಅವಳ ಮುಖದಲ್ಲಿ ಏನೂ ಕದಲುವುದಿಲ್ಲ, ಆದರೂ ಎಲ್ಲ ಕದಲಿದ್ದು ಕಾಣುತ್ತದೆ. ಕಿಟಕಿಯಿಂದ ಬರುವ ಬೆಳಕು, ಎರಡು ಕುರ್ಚಿ, ಮದ್ಯದ ಬಟ್ಟಲು. ಈ ಹದಿನೇಳು ರಾತ್ರಿಗಳಲ್ಲಿ ನಾನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದ ಏಕೈಕ ದೃಶ್ಯ ಇದು.

ಕೊನೆಯ ಸೀಸನ್ನಿನ ಹೊತ್ತಿಗೆ ಕಂತಿನ ಖರ್ಚು ಸುಮಾರು 1.5 ಕೋಟಿ ಡಾಲರ್‌ಗೆ ಏರಿತ್ತು. ಮೂರನೆಯ ಕಂತಿನ ರಾತ್ರಿಯುದ್ಧಕ್ಕೆ 55 ರಾತ್ರಿ ಚಿತ್ರೀಕರಣ ಮಾಡಿದರು. ಐವತ್ತೈದು ರಾತ್ರಿ ಚಳಿಯಲ್ಲಿ ನಿಂತ ಜನರ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ 2019ರಲ್ಲಿ ಅದು ಬಂದಾಗ ಏನೂ ಕಾಣುತ್ತಿಲ್ಲ ಎಂದು ಲೋಕವೆಲ್ಲ ದೂರಿತು. ಟಿವಿಯ ಹೊಂದಾಣಿಕೆ ಸರಿಯಿಲ್ಲದೆ ಹಾಗಾಗಿದೆ ಎಂದು ಛಾಯಾಗ್ರಾಹಕ ಫೇಬಿಯನ್ ವಾಗ್ನರ್ ಉತ್ತರಿಸಿದ್ದರು. ನಮ್ಮ ಹೊಸ ಟಿವಿಯಲ್ಲಿ, ದೀಪಗಳನ್ನೆಲ್ಲ ಆರಿಸಿ, ಹೊಂದಾಣಿಕೆಯನ್ನು ಮೂರು ಬಗೆಯಲ್ಲಿ ಬದಲಿಸಿ ನೋಡಿದೆ. ಯಾರು ಯಾರನ್ನು ಕಡಿಯುತ್ತಿದ್ದಾರೆ ಎಂದು ಬಹಳ ಕಡೆ ತಿಳಿಯಲಿಲ್ಲ. ಬೆಳಕಿನ ಕೆಲಸಕ್ಕೆ ಇಳಿದ ಮೊದಲ ವರ್ಷ ನನಗೆ ಹಿರಿಯರೊಬ್ಬರು ಕಲಿಸಿದ್ದು ಇದು: ರಂಗದ ಮೇಲಿನ ರಾತ್ರಿ ಕಪ್ಪಲ್ಲ, ನೀಲಿ. ನೋಡುವವನಿಗೆ ರಾತ್ರಿ ಎಂದು ಅನಿಸಬೇಕು, ಕಣ್ಣು ಕುರುಡಾಗಬಾರದು. ಎರಡು ನೀಲಿ ಜೆಲಟಿನ್ ಹಾಳೆ, ಒಂದು ಡಿಮ್ಮರ್ ಇದ್ದರೆ ನಮ್ಮಲ್ಲಿ ರಾತ್ರಿ ಆಗುತ್ತದೆ. ಮುಂದಿನ ಕಂತಿನಲ್ಲಿ ರಾಜಭೋಜನದ ಮೇಜಿನ ಮೇಲೆ ಈ ಕಾಲದ ಕಾಫಿ ಲೋಟವೊಂದು ಉಳಿದು ಪ್ರಸಾರವೇ ಆಗಿಹೋಗಿತ್ತು. ಆಮೇಲೆ ಅದನ್ನು ಅಳಿಸಿದ್ದಾರೆ. ಲೋಟ ಮರೆಯುವುದು ಯಾರಿಗಾದರೂ ಆಗಬಹುದು. ನನ್ನನ್ನು ನೋಯಿಸಿದ್ದು ಬೇರೆ. ವಾಹಿನಿ ಇನ್ನಷ್ಟು ಕಂತುಗಳಿಗೆ ಹಣ ಕೊಡಲು ಸಿದ್ಧವಿತ್ತು, ಬರೆಯುವವರು ಆರು ಸಾಕು ಎಂದರು. ಹೀಗಾಗಿ ಎಂಟು ವರ್ಷ ಕಟ್ಟಿದ ಪಾತ್ರಗಳು ಒಂದೇ ಕಂತಿನಲ್ಲಿ ಮನಸ್ಸು ಬದಲಿಸುತ್ತವೆ. ಕುದಿಯಲು ಬಿಡದ ಸಾರು ಎಷ್ಟು ಬೆಲೆಯ ಪಾತ್ರೆಯಲ್ಲಿದ್ದರೇನು?

ಎರಡು ಲೆಕ್ಕಗಳನ್ನು ಇಲ್ಲೇ ದಾಖಲಿಸುತ್ತೇನೆ. 2021ರಲ್ಲಿ ಜಗತ್ತನ್ನೇ ಹಿಡಿದಿಟ್ಟ ಕೊರಿಯಾದ ‘ಸ್ಕ್ವಿಡ್ ಗೇಮ್’ ಮೊದಲ ಸೀಸನ್ನಿನ ಒಂಬತ್ತೂ ಕಂತುಗಳಿಗೆ ಆದ ಖರ್ಚು 2.14 ಕೋಟಿ ಡಾಲರ್ ಎಂದು ಬ್ಲೂಮ್‌ಬರ್ಗ್ ವರದಿ ಮಾಡಿತ್ತು. ನನ್ನ ಲೆಕ್ಕದಲ್ಲಿ 171 ಕೋಟಿ ರೂಪಾಯಿ, ‘ರಿಂಗ್ಸ್ ಆಫ್ ಪವರ್’ನ ಅರ್ಧ ಕಂತಿಗಿಂತಲೂ ಕಡಿಮೆ. ಇನ್ನೊಂದು ಕಡೆ ಪ್ರಿಯಾಂಕಾ ಚೋಪ್ರಾ ನಟಿಸಿದ ‘ಸಿಟಡೆಲ್’: ಆರು ಕಂತು, ಮರುಚಿತ್ರೀಕರಣ ಸೇರಿ ಸುಮಾರು 30 ಕೋಟಿ ಡಾಲರ್ ಎಂದು ವರದಿ. ನಾವು ಒಂದೂವರೆ ಕಂತು ನೋಡಿ ನಿಲ್ಲಿಸಿದೆವು. ಅದರ ಬಗ್ಗೆ ಹೇಳಲು ನನ್ನ ಬಳಿ ಏನೂ ಇಲ್ಲ, ನನ್ನ ಪುಸ್ತಕದ ಆ ಪುಟದಲ್ಲಿ ಒಂದು ಸಾಲೂ ಇಲ್ಲ.

ಇಷ್ಟಾದ ಮೇಲೆ ನಾನು ತೀರ್ಮಾನಕ್ಕೆ ಬಂದುಬಿಟ್ಟಿದ್ದೆ: ಹಣ ಹೆಚ್ಚಾದರೆ ಕಥೆ ಕೆಡುತ್ತದೆ, ಅಷ್ಟೇ. ಹತ್ತನೆಯ ರಾತ್ರಿ ಮಗಳು ‘ಆಂಡೋರ್’ ಹಾಕಿದಳು.

ಇದು ‘ಸ್ಟಾರ್ ವಾರ್ಸ್’ ಲೋಕದ ಕಥೆ. ಆ ಲೋಕದ ಒಂದು ಸಿನಿಮಾವನ್ನೂ ನಾನು ನೋಡಿದವನಲ್ಲ. ನೋಡದವರೂ ಇದನ್ನು ನೋಡಬಹುದು ಎಂಬುದಕ್ಕೆ ನಾನೇ ಸಾಕ್ಷಿ. 2022ರ ಸೆಪ್ಟೆಂಬರಿನಲ್ಲಿ, ‘ರಿಂಗ್ಸ್ ಆಫ್ ಪವರ್’ ಬಂದ ತಿಂಗಳಲ್ಲೇ ಇದೂ ಬಂತು. ಎರಡು ಸೀಸನ್ನಿನ 24 ಕಂತುಗಳಿಗೆ 65 ಕೋಟಿ ಡಾಲರ್ ಆಯಿತೆಂದು ಇದನ್ನು ನಡೆಸಿದ ಟೋನಿ ಗಿಲ್‌ರಾಯ್ ಅವರೇ ಹೇಳಿದ್ದಾರೆ. ಕಂತಿಗೆ ಸುಮಾರು 217 ಕೋಟಿ ರೂಪಾಯಿ. ಅಗ್ಗದ್ದೇನಲ್ಲ. ಆದರೆ ಇಲ್ಲಿ ಹಣ ಹೋದ ಜಾಗವನ್ನು ನಾನು ಬೆರಳಿಟ್ಟು ತೋರಿಸಬಲ್ಲೆ. ಫೆರಿಕ್ಸ್ ಎಂಬ ಗುಜರಿ ಕೆಲಸಗಾರರ ಊರನ್ನು ಇಂಗ್ಲೆಂಡಿನ ಬಯಲೊಂದರಲ್ಲಿ ನಿಜವಾಗಿ ಕಟ್ಟಿದ್ದಾರೆ. ನೂಮೆನೋರ್ ಕೂಡ ಕಟ್ಟಿದ್ದೇ. ವ್ಯತ್ಯಾಸ ಇರುವುದು ಗೋಡೆಯ ಮೇಲೆ. ಫೆರಿಕ್ಸಿನ ಒಂದು ಗೋಡೆಯ ತುಂಬ ಕೆಲಸಗಾರರ ಕೈಗವಸುಗಳು ಸಾಲಾಗಿ ನೇತಾಡುತ್ತವೆ. ಬೆಳಿಗ್ಗೆ ಬಂದವರು ತಮ್ಮ ತಮ್ಮ ಜೋಡಿಯನ್ನು ತೆಗೆದುಕೊಂಡು ಹೋಗುತ್ತಾರೆ. ಯಾರೂ ಅದನ್ನು ವಿವರಿಸುವುದಿಲ್ಲ. ಇಲ್ಲಿ ಕಳ್ಳತನವಿಲ್ಲ, ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಎಂದು ಗೋಡೆಯೇ ಹೇಳುತ್ತದೆ. ಊರಿನ ಗೋಪುರದ ಮೇಲೆ ಒಬ್ಬ ಮನುಷ್ಯ ಎರಡು ಸುತ್ತಿಗೆ ಹಿಡಿದು ಕಮ್ಮಾರನ ಅಡಿಗಲ್ಲಿನ ಮೇಲೆ ಬಡಿದು ಹೊತ್ತು ಸಾರುತ್ತಾನೆ. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಒಬ್ಬ ಮುದುಕಿಯ ಶವಯಾತ್ರೆ ಹೊರಟಾಗ, ಸತ್ತವರ ಬೂದಿಯನ್ನು ಇಟ್ಟಿಗೆಯಾಗಿ ಮಾಡಿ ಊರಿನ ಗೋಡೆಗೇ ಸೇರಿಸುವ ಪದ್ಧತಿ ಅಲ್ಲಿದೆ ಎಂದು ತಿಳಿಯುತ್ತದೆ. ಆಗ ಹನ್ನೆರಡು ಕಂತು ನೋಡಿದ ಆ ಗೋಡೆಗಳು ಇದ್ದಕ್ಕಿದ್ದಂತೆ ಜನರಾಗುತ್ತವೆ. ಮೂವತ್ತು ವರ್ಷ ಗೋಡೆ ಕಟ್ಟಿದ ನನಗೆ ಇಂಥದ್ದೊಂದು ಗೋಡೆ ಕಟ್ಟುವ ಭಾಗ್ಯ ಬರಲಿಲ್ಲ.

ಅದರ ಸೆರೆಮನೆಯ ಕಂತುಗಳನ್ನು, ಅಂದರೆ ಮೊದಲ ಸೀಸನ್ನಿನ ಎಂಟರಿಂದ ಹತ್ತನೆಯವು, ರಂಗಭೂಮಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ನೋಡಬೇಕು. ಬಿಳಿ ಕೋಣೆ. ಏಳು ಮೇಜು, ಮೇಜಿಗೆ ಏಳು ಜನ. ಎಲ್ಲರೂ ಬರಿಗಾಲಿನಲ್ಲಿದ್ದಾರೆ, ಏಕೆಂದರೆ ನೆಲದಲ್ಲಿ ವಿದ್ಯುತ್ ಹರಿಸಬಹುದು. ಬೇಡಿ ಇಲ್ಲ, ಸರಳು ಇಲ್ಲ. ಆ ಬರಿಗಾಲುಗಳೇ ಸಾಕು. ಆಂಡಿ ಸರ್ಕಿಸ್ ಮಾಡಿದ ಮೇಸ್ತ್ರಿಯ ಪಾತ್ರ ಎಲ್ಲರನ್ನೂ ಹುರಿದುಂಬಿಸಿ ಹೊರಗೆ ಕರೆತಂದು, ಕೆಳಗೆ ಆಳವಾದ ನೀರು ಕಂಡಾಗ, ತನಗೆ ಈಜು ಬರುವುದಿಲ್ಲ ಎನ್ನುತ್ತಾನೆ. ಆ ಒಂದು ಮಾತಿಗೆ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ಇತ್ತ ಆ ಇನ್ನೊಂದು ಸರಣಿಯಲ್ಲಿ ಇಡೀ ಕಡಲನ್ನೇ ಈಜಲು ಹೊರಟವಳ ಬಗ್ಗೆ ನಮಗೆ ಕ್ಷಣಕಾಲವೂ ಆತಂಕವಾಗಿರಲಿಲ್ಲ.

ಹಣ ಇಲ್ಲೂ ಇದೆ. ಆದರೆ ಮೊದಲು ಯಾರೋ ಕೂತು, ಈ ಮನುಷ್ಯರು ಹೇಗೆ ಬದುಕುತ್ತಾರೆ, ಬೆಳಿಗ್ಗೆ ಕೈಗವಸನ್ನು ಎಲ್ಲಿಂದ ತೆಗೆದುಕೊಳ್ಳುತ್ತಾರೆ, ಸತ್ತರೆ ಏನು ಮಾಡುತ್ತಾರೆ ಎಂದು ಬರೆದಿದ್ದಾರೆ. ಆಮೇಲೆ ಬಡಗಿಯನ್ನು ಕರೆದಿದ್ದಾರೆ. ನನ್ನ ಎರಡು ಲಕ್ಷದ ಕೋಟೆಯಲ್ಲಿ ಬಡಗಿ ಮೊದಲು ಬಂದಿದ್ದ.

ಹಾಗೆಂದು ಬಡತನವನ್ನು ಹೊಗಳುವವನೂ ನಾನಲ್ಲ. ನಮ್ಮ ದಿನಧಾರಾವಾಹಿಗಳಲ್ಲಿ ಒಂದೇ ಹಜಾರದಲ್ಲಿ ವರ್ಷಗಟ್ಟಲೆ ಕಥೆ ನಡೆಯುತ್ತದೆ, ಒಂದು ಮಾತಿಗೆ ಆರು ಮುಖಗಳನ್ನು ಗುಡುಗಿನ ಸದ್ದಿನೊಂದಿಗೆ ತೋರಿಸುತ್ತಾರೆ. ಅದು ಅಗ್ಗವೂ ಹೌದು, ಕೆಟ್ಟದ್ದೂ ಹೌದು. ಅದೇ ಕನ್ನಡದ ಕಿರುತೆರೆಯಲ್ಲಿ ಟಿ.ಎನ್. ಸೀತಾರಾಮ್ ಅವರು ನಾಲ್ಕು ಮೇಜು, ಒಂದು ಕಟಕಟೆ ಇಟ್ಟುಕೊಂಡು ಮಾಡಿದ ನ್ಯಾಯಾಲಯದ ದೃಶ್ಯಗಳಿಗಾಗಿ ನಮ್ಮ ಬೀದಿಯ ಜನ ಊಟ ಮುಂದೂಡುತ್ತಿದ್ದರು. ಇನ್ನೂ ಹಿಂದೆ ಹೋದರೆ, ಶಂಕರ್ ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. 1986ರಲ್ಲಿ ದೂರದರ್ಶನದಲ್ಲಿ ಅವರ ‘ಮಾಲ್ಗುಡಿ ಡೇಸ್’ ಸರಣಿ ಬರತೊಡಗಿದಾಗ ನಾನು ಹದಿನಾರರ ಹುಡುಗ. ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು, ಎಲ್. ವೈದ್ಯನಾಥನ್ ಅವರ ಆ ‘ತಾನ ನಾನ’ ಶುರುವಾದರೆ ಸಾಕು, ಪಕ್ಕದ ಮನೆಯ ಜಗಲಿಯಲ್ಲಿ ಇಪ್ಪತ್ತು ಜನ. ಕಲಾನಿರ್ದೇಶಕ ಜಾನ್ ದೇವರಾಜ್ ಹೊಸ ಊರು ಕಟ್ಟಲಿಲ್ಲ. ಇದ್ದ ಊರಿನ ಬೀದಿಗೆ ಒಂದು ಕುದುರೆಸವಾರನ ಪ್ರತಿಮೆ, ಕೆಲವು ಫಲಕಗಳು, ಕೆಲವು ಮುಂಗಟ್ಟುಗಳನ್ನು ಸೇರಿಸಿದರು. ದೊಡ್ಡಮನೆಯ ಕಂಬ, ಅದರ ಅಂಗಳ, ಜಗಲಿಯ ಮೇಲೆ ಬೀಳುವ ಮಳೆಯ ಬೆಳಕು, ಇವೆಲ್ಲ ಇದ್ದಂತೆಯೇ ಕಥೆಯೊಳಗೆ ಬಂದವು. ಈಚೆಗೆ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅಲ್ಲಿ ನಿಂತರೆ ಸ್ವಾಮಿ ಯಾವ ಕಡೆಯಿಂದ ಓಡಿಬರುತ್ತಾನೆ ಎಂದು ಈಗಲೂ ಕಣ್ಣು ಹುಡುಕುತ್ತದೆ.

ಯಾವುದನ್ನು ನೋಡಬೇಕು ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ‘ಆಂಡೋರ್’ ಅನ್ನು ಮೊದಲಿಂದ ಕೊನೆಯವರೆಗೆ ನೋಡಿ; ಮೊದಲ ಮೂರು ಕಂತು ನಿಧಾನ, ತಾಳ್ಮೆ ಬೇಕು. ‘ಗೇಮ್ ಆಫ್ ಥ್ರೋನ್ಸ್’ ಮೊದಲ ಸೀಸನ್ ದೊಡ್ಡವರು ನೋಡಬಹುದು. ‘ರಿಂಗ್ಸ್ ಆಫ್ ಪವರ್’ ಮೊದಲ ಸೀಸನ್ನಿನಲ್ಲಿ ಖಜಾದ್-ದೂಮ್ ಬರುವ ಭಾಗಗಳಷ್ಟನ್ನು ನೋಡಿದರೂ ನಷ್ಟವಿಲ್ಲ. ಡುರಿನ್ ಒಂದು ಕಲ್ಲಿನ ಮೇಜಿನ ಮೇಲೆ ಕಣ್ಣುಹಾಕಿ, ಇದು ನಮ್ಮವರ ಸಮಾಧಿಗೆ ಬಳಸುವ ಪವಿತ್ರ ಶಿಲೆ ಎಂದು ಸುಳ್ಳು ಹೇಳಿ ಮನೆಗೆ ಹೊತ್ತೊಯ್ಯುವ ಪ್ರಸಂಗ ನನಗೆ ಬಹಳ ಹಿಡಿಸಿತು. ಒಳ್ಳೆಯ ಮೇಜಿಗಾಗಿ ಆಸೆಪಡುವವರನ್ನು ನಾನು ದಿನವೂ ಅಂಗಡಿಯಲ್ಲಿ ಕಾಣುತ್ತೇನೆ.

ಕೊನೆಯ ಎರಡು ರಾತ್ರಿ ‘ರಿಂಗ್ಸ್ ಆಫ್ ಪವರ್’ನ ಎರಡನೆಯ ಸೀಸನ್ ನೋಡಿದೆವು. 2024ರಲ್ಲಿ ಬಂದದ್ದು, ಚಿತ್ರೀಕರಣ ನ್ಯೂಜಿಲೆಂಡ್ ಬಿಟ್ಟು ಬ್ರಿಟನ್ನಿಗೆ ಹೋಗಿತ್ತು. ಇಲ್ಲಿ ನಾನು ಕಾದಿದ್ದ ಕಥೆ ಕೊನೆಗೂ ಬಂತು: ಉಂಗುರ ಮಾಡುವ ಕೆಲಸಗಾರ ಕೆಲೆಬ್ರಿಂಬೋರ್, ಅವನ ಕುಲುಮೆ, ಸಜ್ಜನನ ವೇಷದಲ್ಲಿ ಪಕ್ಕದಲ್ಲೇ ನಿಂತು ಅವನನ್ನು ಮರುಳು ಮಾಡುವ ಸೌರಾನ್. ಹೊರಗೆ ನಗರಕ್ಕೆ ಮುತ್ತಿಗೆ ಬಿದ್ದಿದೆ, ಬೆಂಕಿಯ ಗುಂಡುಗಳು ಬೀಳುತ್ತಿವೆ. ಆದರೆ ಕುಲುಮೆಯ ಮನೆಯಲ್ಲಿ ಕೂತವನಿಗೆ ಊರು ಶಾಂತವಾಗಿ, ಬಿಸಿಲಿನಲ್ಲಿ ನಗುತ್ತಿರುವಂತೆ ಕಾಣಿಸುವ ಹಾಗೆ ಸೌರಾನ್ ಮಾಯೆ ಕವಿಸಿದ್ದಾನೆ. ಎಷ್ಟು ಹೊತ್ತು ಕೆಲಸ ಮಾಡಿದೆ ಎಂಬುದೂ ಅವನಿಗೆ ತಿಳಿಯುತ್ತಿಲ್ಲ. ಆ ಮಾಯೆ ಹರಿಯುವುದು ಕತ್ತಿಯಿಂದಲ್ಲ, ಮಂತ್ರದಿಂದಲ್ಲ. ಒಂದು ಇಲಿ ಮತ್ತೆ ಮತ್ತೆ ಅದೇ ದಾರಿಯಲ್ಲಿ ಓಡುತ್ತದೆ. ಮೇಜಿನ ಮೇಲಿನ ಮೇಣದಬತ್ತಿ ಉರಿಯುತ್ತಲೇ ಇದೆ, ಕರಗಿಲ್ಲ.

ಬೆಂಕಿಯ ಭಯಕ್ಕೆ ನಾವು ರಂಗದ ಮೇಲೆ ಯಾವಾಗಲೂ ಬ್ಯಾಟರಿಯ ಮೇಣದಬತ್ತಿಗಳನ್ನೇ ಇಡುತ್ತೇವೆ. ಮಗಳಿಗೆ ಏಳು ವರ್ಷವಾಗಿದ್ದಾಗ ಮೊದಲ ಸಾಲಿನಲ್ಲಿ ಕೂತು ನಮ್ಮ ನಾಟಕ ನೋಡಿದವಳು ಮನೆಗೆ ಬರುವ ದಾರಿಯಲ್ಲಿ ಕೇಳಿದ್ದಳು, ಅಪ್ಪಾ, ಅಷ್ಟು ಹೊತ್ತಾದರೂ ಮೇಣದಬತ್ತಿ ಯಾಕೆ ಸಣ್ಣದಾಗಲಿಲ್ಲ ಎಂದು. ನನಗೆ ಉತ್ತರ ಹೊಳೆದಿರಲಿಲ್ಲ. ಕೆಲೆಬ್ರಿಂಬೋರ್ ಬಾಗಿ ಆ ಜ್ವಾಲೆಯನ್ನು ನೋಡುತ್ತಿದ್ದಾಗ ಅವಳು ಕತ್ತಲಲ್ಲಿ ನನ್ನ ಕೈ ಹಿಡಿದುಕೊಂಡಳು. ಹೊರಗೆ ಮಳೆ ಸುರಿಯುತ್ತಲೇ ಇತ್ತು.